ಅಂಗಿ ಜೇಬು ಮತ್ತು ಮೈನಸ್ 196 ಡಿಗ್ರಿ

ಅಂಗಿ ಜೇಬು, ಸ್ವಾಮಿ! ಅಂಗಿ ಜೇಬು!

ಭಾನುವಾರದಿಂದ ಇದೊಂದೇ ತಲೆ ಕೊರೆಯುತ್ತಿದೆ. "ಮನೆಯವರ ಮೇಲೆಲ್ಲ ರೇಗಾಡುವ ಬದಲು ಫೇಸ್‌ಬುಕ್ಕಿನಲ್ಲಿ ಬರೆದು ಹಾಕಿ" ಅಂತ ಹೆಂಡತಿಯೇ ಹೇಳಿದ್ದಾಳೆ. ಉದ್ದ ಆಗುತ್ತದೆ. ಪುರುಸೊತ್ತು ಇದ್ದವರು ಓದಿ. ಇಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ, ಎಂದಿನಂತೆ.

ಶುಕ್ರವಾರ ರಾತ್ರಿ ಊರಿಗೆ ಹೋಗಿದ್ದೆ. ಅಣ್ಣನ ಮನೆಯ ಚುಕ್ಕಿ ಗೊತ್ತಲ್ಲ, ಯುಗಾದಿಯಲ್ಲಿ ಫೋಟೋ ಹಾಕಿದ್ದೆ, ಹಣೆ ಮೇಲೆ ಬಿಳಿ ಬೊಟ್ಟಿರುವ ಸೀಮೆಹಸು. ಎರಡನೇ ಕರು ಹಾಕಿ ಆರು ತಿಂಗಳಾಗುತ್ತಾ ಬಂತು. ಎರಡು ಸಲ ಇಂಜೆಕ್ಷನ್ (ಕೃತಕ ಗರ್ಭಧಾರಣೆಗೆ ನಮ್ಮೂರ ಹೆಸರು) ಹಾಕಿಸಿದರೂ ಗಬ್ಬ ನಿಂತಿಲ್ಲ. ಶನಿವಾರ ಬೆಳಗಿನ ಜಾವ ಐದು ಗಂಟೆಗೆ ಕೊಟ್ಟಿಗೆಗೆ ಹೋದ ಅತ್ತಿಗೆ ಸಗಣಿ ಬುಟ್ಟಿ ಅಲ್ಲೇ ಬಿಟ್ಟು ಒಳಗೆ ಬಂದರು. "ಚುಕ್ಕಿ ಕೂಗ್ತಾವ್ಳೆ. ಗಾಜಿನಂಗೆ ಲೋಳೆ ಇಳೀತಾ ಐತೆ. ಫೋನ್ ಎಲ್ಲಿಟ್ಟೆ ನಾನು?"

ಬೆದೆಗೆ ಬಂದ ಗುರುತು ಅವು. ಐದೂ ಹತ್ತಕ್ಕೆ ಫೋನ್ ಹೋಯಿತು. ಡಾಕ್ಟ್ರು ಎತ್ತಲಿಲ್ಲ. (ಡಾಕ್ಟ್ರು ಅಂದರೆ ಪಶುವೈದ್ಯರಲ್ಲ, ಇಂಜೆಕ್ಷನ್ ಹಾಕುವವರು. ನಮ್ಮೂರಲ್ಲಿ ಭುಜದವರೆಗೆ ಗ್ಲೌಸ್ ಹಾಕಿದವರೆಲ್ಲ ಡಾಕ್ಟ್ರೇ.) ಏಳಕ್ಕೆ ಎತ್ತಿದರು. "ಸಂಜೆ ಬರ್ತೀನಿ ಅಕ್ಕ" ಅಂದರು. ಸಂಜೆ ಬರಲಿಲ್ಲ. ರಾತ್ರಿ ಸ್ವಿಚ್ ಆಫ್. ಬಂದದ್ದು ಭಾನುವಾರ ಹನ್ನೊಂದೂವರೆಗೆ.

ಸರಿ, ಬಂದರಲ್ಲ ಅಂದುಕೊಂಡೆ. ಕಡ್ಡಿ, ಅಂದರೆ ಹೋರಿಯ ವೀರ್ಯ ಹೆಪ್ಪುಗಟ್ಟಿಸಿ ಇಟ್ಟ ಸಣ್ಣ ಕೊಳವೆ, ಅದನ್ನು ಕರಗಿಸಲು ಅತ್ತಿಗೆ ಚೊಂಬಿನಲ್ಲಿ ಬಿಸಿನೀರು ಹದ ಮಾಡಿ ಇಟ್ಟಿದ್ದರು. ಮೊಣಕೈ ಅದ್ದಿ ನೋಡಿದ ಹದ, ಮಗುವಿಗೆ ನೀರು ಹಾಕುವಾಗ ನೋಡುತ್ತಾರಲ್ಲ, ಹಾಗೆ. ಡಾಕ್ಟ್ರು ಕ್ಯಾನಿನ ಮುಚ್ಚಳ ತೆಗೆದರು. ಬಿಳಿ ಹೊಗೆ ಉಕ್ಕಿತು. ಒಳಗಿನ ಡಬ್ಬಿಯನ್ನು ಗದ್ದದವರೆಗೆ ಎತ್ತಿ, ಬಿಸಿಲಿಗೆ ಹಿಡಿದು, ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಯಾರ ಜೊತೆಗೋ ಸೈಟಿನ ವ್ಯವಹಾರ ಮಾತಾಡುತ್ತಾ, ಬೇಕಾದ ಕಡ್ಡಿ ಹುಡುಕಿದರು. ನಿಧಾನವಾಗಿ. ಸಿಕ್ಕಿದ ಮೇಲೆ ಅದನ್ನು ಅಂಗಿ ಜೇಬಿಗೆ ಹಾಕಿಕೊಂಡರು. ಪೆನ್ನು, ಮಡಚಿದ ರಶೀದಿ, ಅವುಗಳ ಪಕ್ಕ ಕಡ್ಡಿ.

"ಬಿಸಿನೀರು ಇಟ್ಟಿದೀನಿ ಡಾಕ್ಟ್ರೆ."

"ಬ್ಯಾಡ ಅಕ್ಕ. ಮೈ ಶಾಖವೇ ಸಾಕು."

ಆಮೇಲೆ ಕಾಫಿ ಕುಡಿದರು. ಲೋಟ ಕೆಳಗಿಟ್ಟು, ಗ್ಲೌಸ್ ಹಾಕಿಕೊಂಡು, ಎರಡು ನಿಮಿಷದಲ್ಲಿ ಕೆಲಸ ಮುಗಿಸಿ, ದುಡ್ಡು ಇಸ್ಕೊಂಡು ಹೊರಟರು.

ಆ ಕಡ್ಡಿ ಏನು ಅಂತ ಗೊತ್ತಾದರೆ ನಿಮಗೂ ನನ್ನ ಹಾಗೇ ಹೊಟ್ಟೆ ಉರಿಯುತ್ತದೆ. ಅದು ಮಾಮೂಲಿ ಕಡ್ಡಿ ಅಲ್ಲ. ಹೆಣ್ಣು ಕರುವಿನ ಕಡ್ಡಿ. ಅತ್ತಿಗೆ ಜಾಸ್ತಿ ದುಡ್ಡು ಕೊಟ್ಟು ಹೇಳಿ ತರಿಸಿದ್ದು. ಹೋರಿಯ ವೀರ್ಯದಲ್ಲಿ ಹೆಣ್ಣು ಕರು ಕೊಡುವ ಕಣ, ಗಂಡು ಕರು ಕೊಡುವ ಕಣ ಹೆಚ್ಚುಕಮ್ಮಿ ಅರ್ಧರ್ಧ ಇರುತ್ತವೆ. ನೋಡಲು ಒಂದೇ ಥರ. ಹೆಣ್ಣು ಕೊಡುವುದರಲ್ಲಿ ಡಿಎನ್‌ಎ ಸುಮಾರು ಶೇ. 3.8ರಷ್ಟು ಜಾಸ್ತಿ, ಅಷ್ಟೇ ವ್ಯತ್ಯಾಸ. ನೂರಕ್ಕೆ ನಾಲ್ಕೂ ಇಲ್ಲ! ಅದನ್ನು ಹಿಡಿಯಲು ಕಣಗಳಿಗೆ ಹೊಳೆಯುವ ಬಣ್ಣ ಹಿಡಿಸುತ್ತಾರೆ. ಸಾಲಾಗಿ ಒಂದೊಂದನ್ನೇ ಲೇಸರ್ ಮುಂದೆ ಹಾಯಿಸುತ್ತಾರೆ. ಚೂರು ಜಾಸ್ತಿ ಹೊಳೆದದ್ದು ಈ ಕಡೆ, ಕಮ್ಮಿ ಹೊಳೆದದ್ದು ಆ ಕಡೆ. ನಮ್ಮಜ್ಜಿ ಮೊರದಲ್ಲಿ ರಾಗಿ ಕೇರುತ್ತಿದ್ದ ಹಾಗೆ, ಆದರೆ ಒಂದೊಂದು ಕಾಳಿನ ತೂಕ ನೋಡಿ. ಹೀಗೆ ಬೇರೆ ಮಾಡಿದ ಕಡ್ಡಿ ಹಾಕಿಸಿ ಗಬ್ಬ ನಿಂತರೆ ಹತ್ತರಲ್ಲಿ ಒಂಬತ್ತು ಸಲ ಹೆಣ್ಣು ಕರು. ಇಷ್ಟೆಲ್ಲ ಮಾಡಿ, ಕಾಲು ಮಿಲಿಲೀಟರಿನ ಕಡ್ಡಿಗೆ ತುಂಬಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸಿ, ನಮ್ಮ ಹಟ್ಟಿ ಬಾಗಿಲವರೆಗೆ ತಂದಿದ್ದಾರೆ.

ತಂದು ಜೇಬಿಗೆ ಹಾಕಿಕೊಂಡಿದ್ದಾರೆ.

ಅವತ್ತೇ ಮಧ್ಯಾಹ್ನ ನಮ್ಮ ಷಡ್ಡಕರು ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಬೇಕೇ? "ಇನ್ನು ಮುಂದೆ ಗಂಡು ಕರುವಿನ ಚಿಂತೆಯೇ ಇಲ್ಲ, ವಿಜ್ಞಾನದ ಪವಾಡ!" ಕೆಳಗೆ ಮೂರು ರಾಕೆಟ್ಟು, ಎರಡು ಬಾವುಟ. ಅವರು ಹಸುವನ್ನು ಹತ್ತಿರದಿಂದ ನೋಡಿದ್ದು ಗೃಹಪ್ರವೇಶದ ದಿನ, ಅದೂ ಬಾಡಿಗೆ ಹಸು. ನಾನು ಥಂಬ್ಸ್ ಅಪ್ ಹಾಕಿದೆ. ಸಂಬಂಧ ಉಳೀಬೇಕಲ್ಲ.

ಪವಾಡ ಇಲ್ಲ ಅಂತ ನಾನು ಹೇಳುತ್ತಿಲ್ಲ. ವೆಟರ್ನರಿ ಸೀಟು ಕೈತಪ್ಪಿದ ನನ್ನ ಕಥೆ ನಿಮಗೆಲ್ಲ ಬಾಯಿಪಾಠ, ಮತ್ತೆ ಶುರು ಮಾಡುವುದಿಲ್ಲ. ಆದರೆ ಆ ಹುಚ್ಚು ಹೋಗಿಲ್ಲ. ಈ ವಿಷಯ ಎಲ್ಲಿ ಸಿಕ್ಕರೂ ಓದುತ್ತೇನೆ. ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲು ಆದದ್ದು ಎಲ್ಲಿ ಗೊತ್ತಾ? ನಮ್ಮ ಮೈಸೂರಿನಲ್ಲಿ. ಅರಮನೆಯ ಡೈರಿ ಫಾರಂನಲ್ಲಿ, 1939ರಲ್ಲಿ, ಡಾ. ಸಂಪತ್ ಕುಮಾರನ್ ಅವರಿಂದ. ಆಗ ಹೆಪ್ಪುಗಟ್ಟಿಸುವ ವಿದ್ಯೆಯೇ ಇರಲಿಲ್ಲ. ತೆಗೆದದ್ದನ್ನು ತಾಜಾ ಇರುವಾಗಲೇ ಬಳಸಬೇಕಿತ್ತು. ಹೆಪ್ಪುಗಟ್ಟಿಸುವ ಗುಟ್ಟು ಸಿಕ್ಕಿದ್ದು ಹತ್ತು ವರ್ಷದ ಮೇಲೆ, ಇಂಗ್ಲೆಂಡಿನಲ್ಲಿ, 1949ರಲ್ಲಿ, ಅದೂ ಒಂದು ಎಡವಟ್ಟಿನಿಂದ. ಕ್ರಿಸ್ಟೋಫರ್ ಪೋಲ್ಜ್ ಮತ್ತು ಸಂಗಡಿಗರು ಹುಂಜದ ವೀರ್ಯವನ್ನು ಸಕ್ಕರೆ ದ್ರಾವಣದಲ್ಲಿ ಹೆಪ್ಪುಗಟ್ಟಿಸಲು ಒದ್ದಾಡುತ್ತಿದ್ದರು. ಒಂದು ಸಲ ಇದ್ದಕ್ಕಿದ್ದ ಹಾಗೆ ಕಣಗಳು ಬದುಕಿದವು. ನೋಡಿದರೆ ಬಾಟಲಿಯ ಚೀಟಿ ಅದಲುಬದಲು, ಒಳಗಿದ್ದದ್ದು ಗ್ಲಿಸರಿನ್! ಆ ಎಡವಟ್ಟಿನ ಮೇಲೆಯೇ ಇವತ್ತು ನಮ್ಮೂರ ಕ್ಯಾನು ನಿಂತಿದೆ. ಆಮೇಲೆ ಹರಿಯಾಣದ ಕರ್ನಾಲಿನಲ್ಲಿ 2009ರಲ್ಲಿ ಎಮ್ಮೆಯನ್ನೇ ಕ್ಲೋನ್ ಮಾಡಿದರು. ಮೊದಲನೆಯ ಕರು ಕೆಲವೇ ದಿನ ಬದುಕಿತು. ಎರಡನೆಯದಕ್ಕೆ ಗರಿಮಾ ಅಂತ ಹೆಸರಿಟ್ಟರು. 2023ರಲ್ಲಿ ಗಿರ್ ತಳಿಯ ಕ್ಲೋನ್ ಕರು ಗಂಗಾ ಹುಟ್ಟಿದಳು. ಅವಳ ಫೋಟೋ ಕಟ್ ಮಾಡಿ ಇಟ್ಟುಕೊಂಡಿದ್ದೇನೆ, ನಗಬೇಡಿ.

ನನ್ನ ತಕರಾರು ಇರುವುದು ಗಂಟೆಯ ಬಗ್ಗೆ. ಗಡಿಯಾರದ ಗಂಟೆ.

ಹಸು ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಆ ಬೆದೆ ಇರುವುದು ಹನ್ನೆರಡರಿಂದ ಹದಿನೆಂಟು ಗಂಟೆ. ಅದು ಇಳಿದ ಹತ್ತು ಹನ್ನೆರಡು ಗಂಟೆಗೆ ಅಂಡ ಬಿಡುಗಡೆ. ಬಿಟ್ಟ ಮೇಲೆ ಅಂಡದ ಆಯುಸ್ಸು ಕೆಲವೇ ಗಂಟೆ. ಅದಕ್ಕೇ ಹಳೆಯ ಲೆಕ್ಕ: ಬೆಳಗ್ಗೆ ಬೆದೆ ಕಂಡರೆ ಸಂಜೆ ಹಾಕಿಸು, ಸಂಜೆ ಕಂಡರೆ ಮಾರನೆ ಬೆಳಗ್ಗೆ. ಓದು ಬರೆಹ ಇಲ್ಲದ ನಮ್ಮಮ್ಮನಿಗೂ ಈ ಲೆಕ್ಕ ಗೊತ್ತಿತ್ತು. ಶನಿವಾರ ಬೆಳಗಿನ ಜಾವ ಕೂಗಿದ ಚುಕ್ಕಿಗೆ ಭಾನುವಾರ ಹನ್ನೊಂದೂವರೆಗೆ ಹಾಕಿದರೆ? ಮದುವೆ ಊಟದ ಎಲೆ ಎತ್ತಿದ ಮೇಲೆ ಛತ್ರಕ್ಕೆ ಹೋದ ಹಾಗೆ.

ಇನ್ನೊಂದು ಮಾತು ಆ ರಾಕೆಟ್ ವಿಡಿಯೋದಲ್ಲಿ ಬರುವುದಿಲ್ಲ. ಮಾಮೂಲಿ ಕಡ್ಡಿಯಲ್ಲಿ ಸುಮಾರು ಎರಡು ಕೋಟಿ ಕಣ ಇರುತ್ತವೆ. ಹೆಣ್ಣು ಕರುವಿನ ಕಡ್ಡಿಯಲ್ಲಿ ಇರುವುದು ಇಪ್ಪತ್ತರಿಂದ ನಲವತ್ತು ಲಕ್ಷ. ಅವೂ ಬಣ್ಣ, ಲೇಸರ್, ಎಲ್ಲ ದಾಟಿ ಸುಸ್ತಾಗಿ ಬಂದವು. ಎರಡು ಕೋಟಿ ಇದ್ದರೆ ಗಂಟೆ ಆಚೀಚೆ ಆದರೂ ಯಾವುದೋ ಒಂದು ದಡ ಸೇರೀತು. ಇಲ್ಲಿ ಆ ಸಡಿಲ ಇಲ್ಲ. ವಿಜ್ಞಾನ ಮುಂದೆ ಹೋದಷ್ಟೂ ಡಾಕ್ಟ್ರು ಸರಿಯಾದ ಹೊತ್ತಿಗೆ ಬರುವುದು ಇನ್ನೂ ಜರೂರಾಗಿದೆ. ನಾವು ಮಾಡಿದ್ದೇನು? ಕಡ್ಡಿ ಬದಲಾಯಿಸಿದೆವು. ಬರುವ ಹೊತ್ತು ಹಾಗೇ ಇದೆ.

ಇದರ ನಷ್ಟ ಯಾರ ಲೆಕ್ಕದಲ್ಲೂ ಬರುವುದಿಲ್ಲ. ಒಂದು ಬೆದೆ ತಪ್ಪಿದರೆ ಇಪ್ಪತ್ತೊಂದು ದಿನ. ಚುಕ್ಕಿಗೆ ಮೇವು, ಬೂಸಾ, ಹಿಂಡಿ ಸೇರಿ ದಿನಕ್ಕೆ ಇನ್ನೂರು ಅಂತ ಹಿಡಿಯಿರಿ, 4,200 ರೂಪಾಯಿ. ಮೂರು ಸಲ ತಪ್ಪಿದರೆ 12,600. ಹಾಲು ದಿನದಿಂದ ದಿನಕ್ಕೆ ಇಳಿಯುತ್ತಿರುತ್ತದೆ, ಮುಂದಿನ ಕರು ಮುಂದಕ್ಕೆ ಹೋಗುತ್ತಿರುತ್ತದೆ. ಕೊನೆಗೆ "ಈ ಹಸು ಗಬ್ಬ ನಿಲ್ಲಲ್ಲ" ಅಂತ ಹಸುವಿನ ತಲೆಗೇ ಕಟ್ಟಿ ಸಂತೆಗೆ ಹೊಡೆಯುತ್ತಾರೆ. ಕೊಟ್ಟಿಗೆಯಲ್ಲಿ ಮಾತು ಬಾರದವಳು ಅವಳೊಬ್ಬಳೇ ಅಲ್ವಾ.

ಇನ್ನು ಕಾಮೆಂಟಿನಲ್ಲಿ ಏನು ಬರುತ್ತದೆ ಅಂತ ನನಗೆ ಗೊತ್ತು. ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ.

"ಪಾಪ, ಅವರಿಗೂ ಹತ್ತು ಹಳ್ಳಿ ಸುತ್ತಬೇಕು, ಪೆಟ್ರೋಲಿಗೂ ಗಿಟ್ಟಲ್ಲ." ಒಪ್ಪಿದೆ. ನಿಜಕ್ಕೂ ಒಪ್ಪಿದೆ. ಆದರೆ ಚೊಂಬಿನ ಬಿಸಿನೀರಿಗೆ ಪೆಟ್ರೋಲ್ ಬೇಕಾಗಿರಲಿಲ್ಲ. 37 ಡಿಗ್ರಿ ನೀರು, ಮೂವತ್ತು ಸೆಕೆಂಡು. ಅಷ್ಟೇ ಕೇಳುವುದು ಆ ಕಡ್ಡಿ.

"ಅಮೆರಿಕದಲ್ಲೂ ಕೆಲವರು ಜೇಬಿನಲ್ಲೇ ಕರಗಿಸುತ್ತಾರೆ." ಹೌದು, ಪಾಕೆಟ್ ಥಾ ಅಂತ ಇದೆ. ಅದಕ್ಕೆ ಹೊಂದುವ ಹಾಗೆ ತಯಾರಿಸಿದ ವೀರ್ಯಕ್ಕೆ, ಕಾಗದದಲ್ಲಿ ಸುತ್ತಿ, ಲೆಕ್ಕ ಹಿಡಿದು ಮಾಡುವ ಕೆಲಸ ಅದು. ಕಾಫಿ ಕುಡಿದು ಮುಗಿಯುವ ತನಕ ಅಂತ ಅಲ್ಲಿ ಬರೆದಿಲ್ಲ.

"ಹಾಗಾದರೆ ಹೋರಿ ಸಾಕಿ, ನಮ್ಮ ಹಿರಿಯರು ಸಾಕಿರಲಿಲ್ವಾ?" ಇದನ್ನು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತವರು ಹೇಳುತ್ತಾರೆ. ಊರಲ್ಲಿ ಹೋರಿ ಎಲ್ಲಿದೆ? ಉಳುಮೆಗೆ ಟ್ರ್ಯಾಕ್ಟರು ಬಂದ ಮೇಲೆ ಗಂಡು ಕರು ಯಾರಿಗೂ ಬೇಡ. 2021ರ ಗೋಹತ್ಯೆ ನಿಷೇಧ ಕಾನೂನು ಬಂದ ಮೇಲೆ ಕೊಳ್ಳುವವರೂ ಇಲ್ಲ. ಒಂದು ಹೋರಿ ಊರೆಲ್ಲ ಸುತ್ತಿದರೆ ಅದರ ಜೊತೆ ಕಂದುರೋಗವೂ (ಗಬ್ಬ ಇಳಿದುಹೋಗುವ ರೋಗ) ಸುತ್ತುತ್ತದೆ. ಗಂಡಿನ ಖುದ್ದು ಭೇಟಿಯೇ ಆಗಬೇಕು ಅನ್ನುವುದು ಈಗ ಉಳಿದಿರುವುದು ರೇಸ್ ಕುದುರೆಗೆ ಮಾತ್ರ. ನಿಜ, ಥರೋಬ್ರೆಡ್ ಕುದುರೆ ಕೃತಕವಾಗಿ ಹುಟ್ಟಿದರೆ ಜಗತ್ತಿನಲ್ಲೆಲ್ಲೂ ಅದನ್ನು ನೋಂದಾಯಿಸಿಕೊಳ್ಳುವುದಿಲ್ಲ. ಕುಣಿಗಲ್ ಸ್ಟಡ್ ಫಾರಂ ಮುಂದೆ ಬಸ್ಸಿನಲ್ಲಿ ಹೋಗುವಾಗೆಲ್ಲ ನನಗೆ ನಗು ಬರುತ್ತದೆ. ಒಳಗೆ ಕೋಟ್ಯಧೀಶರ ಕುದುರೆಗೆ ಹಳೇ ಪದ್ಧತಿ, ಹೊರಗೆ ನಮ್ಮ ಅತ್ತಿಗೆಯ ಹಸುವಿಗೆ ಲೇಸರ್.

ಅತ್ತಿಗೆಯ ಬಗ್ಗೆ ಇನ್ನೊಂದು ಮಾತು. ದೊಡ್ಡ ದೇಶಗಳ ಫಾರಂಗಳಲ್ಲಿ ಹಸುವಿನ ಕೊರಳಿಗೆ ಸೆನ್ಸರ್ ಪಟ್ಟಿ ಕಟ್ಟುತ್ತಾರೆ. ಹಸು ಜಾಸ್ತಿ ಓಡಾಡಿದರೆ, ಮೆಲುಕು ಕಮ್ಮಿ ಮಾಡಿದರೆ, ಬೆದೆ ಅಂತ ಮೊಬೈಲಿಗೆ ಸುದ್ದಿ ಬರುತ್ತದೆ. ನಮ್ಮ ಅತ್ತಿಗೆ ಮಲಗಿದಲ್ಲಿಂದಲೇ ಕೂಗಿನ ವ್ಯತ್ಯಾಸ ಹೇಳುತ್ತಾರೆ. ಹಸಿವಿನ ಕೂಗು ಬೇರೆ, ಕರುವನ್ನು ಕರೆಯುವ ಕೂಗು ಬೇರೆ, ಇದು ಬೇರೆ. ಬೇಸಿಗೆಯಲ್ಲಿ ಎಷ್ಟೋ ಹಸುಗಳು ಕೂಗುವುದೂ ಇಲ್ಲ, ಮೂಕ ಬೆದೆ. ಎಮ್ಮೆಯಂತೂ ಕೇಳಲೇಬೇಡಿ. ಅದನ್ನೂ ಬಾಲ ಎತ್ತುವ ರೀತಿಯಲ್ಲಿ, ಹಾಲು ಒಂದು ಕುಡಿತೆ ಕಮ್ಮಿಯಾದದ್ದರಲ್ಲಿ ಹಿಡಿಯುತ್ತಾರೆ. ಮೈಸೂರಿನ ಅರಮನೆಯಿಂದ ಹಿಡಿದು ಲೇಸರ್ ತನಕ ಎಲ್ಲ ಬಂದು ಕಾಯುತ್ತಾ ನಿಲ್ಲುವುದು ಈ ಹೆಂಗಸಿನ ಕಿವಿಯ ಮುಂದೆ. ಆದರೆ ಡಾಕ್ಟ್ರ ಪುಸ್ತಕದಲ್ಲಿ "ಬೆದೆ ಕಂಡ ಸಮಯ" ಅನ್ನುವ ಕಾಲಂ ಖಾಲಿ ಇತ್ತು. ನಾನೇ ಇಣುಕಿ ನೋಡಿದೆ. ಯಾಕೆ ಬರೆದಿಲ್ಲ ಅಂತ ಕೇಳಲೂ ಹೋದೆ. "ನೀನ್ ಸುಮ್ಕಿರಪ್ಪ" ಅಂದರು ಅತ್ತಿಗೆ. "ನೀನ್ ಬೈದು ಬೆಂಗಳೂರಿಗೆ ಹೋಗ್ತೀಯ. ನಾಳೆ ಕರೆದ್ರೆ ಬರೋರು ಇವ್ರೇ ಅಲ್ವಾ?"

ನಾನು ಸುಮ್ಮನಾದೆ. ಸುಮ್ಮನಾಗಲು ಇನ್ನೊಂದು ಕಾರಣವೂ ಇತ್ತು. ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಹೆಂಡತಿಗೂ.

1996, ಮಾರ್ಚ್ 9. ಕ್ರಿಕೆಟ್ ನೋಡುವವರಿಗೆ ತಾರೀಕು ಹೇಳಿದರೆ ಸಾಕು. ಚಿನ್ನಸ್ವಾಮಿಯಲ್ಲಿ ಭಾರತ–ಪಾಕಿಸ್ತಾನ, ವಿಶ್ವಕಪ್ ಕ್ವಾರ್ಟರ್ ಫೈನಲ್. ಅವತ್ತು ಬೆಳಗ್ಗೆ ನಮ್ಮ ಕೆಂಪಿ ಬೆದೆಗೆ ಬಂದಿದ್ದಳು. ಮಧ್ಯಾಹ್ನ ಅಪ್ಪ ಸೈಕಲ್ ಕೊಟ್ಟು, "ಡಾಕ್ಟ್ರು ಮನೆಗೆ ಹೋಗೋದ್ರೊಳಗೆ ಕರ್ಕೊಂಡ್ ಬಾ" ಅಂತ ಕಳಿಸಿದರು. ನಾಲ್ಕು ಮೈಲಿ. ದಾರಿಯಲ್ಲಿ ಒಬ್ಬರ ಮನೆ ಜಗಲಿಗೆ ಟೀವಿ ತಂದಿಟ್ಟಿದ್ದರು. ಐದು ನಿಮಿಷ ಅಂತ ನಿಂತೆ. ಸಿಧು ಆಡುತ್ತಿದ್ದರು. ಆಮೇಲೆ ಜಡೇಜ ಬಂದು ವಕಾರ್‌ಗೆ ಬಾರಿಸಿದರು. ಆಮೇಲೆ ಕತ್ತಲಾಯಿತು. ಹೇಗೂ ಕತ್ತಲಾಯಿತಲ್ಲ ಅಂತ ನಮ್ಮ ವೆಂಕಟೇಶ್ ಪ್ರಸಾದ್ ಆಮೀರ್ ಸೊಹೈಲ್‌ನ ಸ್ಟಂಪ್ ಎಗರಿಸುವ ತನಕ ಅಲ್ಲೇ ಇದ್ದೆ. ಮನೆಗೆ ಹೋಗಿ, "ಡಾಕ್ಟ್ರು ಇರಲಿಲ್ಲ, ಕಾದು ಕಾದು ಬಂದೆ" ಅಂದೆ. ಹನ್ನೆರಡು ವರ್ಷದ ಹುಡುಗನ ಮಾತು, ಅಪ್ಪ ನಂಬಿದರು. ಕೆಂಪಿ ಅದಾದ ಮೇಲೂ ನಿಲ್ಲಲಿಲ್ಲ. ಬೇಸಿಗೆ ಕಳೆಯುವುದರೊಳಗೆ ಮಾರಿದರು. ಅಪ್ಪ ಬದುಕಿರುವ ತನಕ ಆ ಡಾಕ್ಟ್ರಿಗೆ ಬೈದರು. ಎದುರು ಸಿಕ್ಕರೂ ಮಾತಾಡಿಸಲಿಲ್ಲ. ಆ ಮನುಷ್ಯನಿಗೆ ಯಾಕೆ ಅಂತ ಗೊತ್ತೇ ಇರಲಿಲ್ಲ.

ಅದಕ್ಕೇ ಜೇಬಿನ ಬಗ್ಗೆ ಇಷ್ಟು ಕೂಗಾಡುತ್ತಿದ್ದೇನೋ ಏನೋ. ಇರಲಿ. ಜೇಬಂತೂ ತಪ್ಪೇ.

ನಿನ್ನೆ ಅತ್ತಿಗೆ ಫೋನ್ ಮಾಡಿದ್ದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇಪ್ಪತ್ತೊಂದನೇ ದಿನಕ್ಕೆ ಪೆನ್ಸಿಲ್ ಸುತ್ತು ಹಾಕಿದ್ದಾರಂತೆ. ಅದೂ ಶನಿವಾರವೇ. "ಬರೋದಾದ್ರೆ ಬೈಕಲ್ಲೇ ಬಾ" ಅಂದರು. "ಮತ್ತೆ ಕೂಗಿದ್ರೆ ನೀನೇ ಹೋಗಿ ಡಾಕ್ಟ್ರನ್ನ ಕೂರಿಸ್ಕೊಂಡ್ ಬರೀವಂತೆ."

ಆಯ್ತು ಅಂದೆ. ಫೋನ್ ಇಟ್ಟ ಮೇಲೆ ಮೊದಲು ನೋಡಿದ್ದು, ಅವತ್ತು ಮ್ಯಾಚ್ ಇದೆಯಾ ಅಂತ.