ನೊರೆ ಬಿಡೋದಕ್ಕೆ ನ್ಯಾಯಮಂಡಳಿ ಬೇಕಿಲ್ಲ

ಬೆಂಗಳೂರಲ್ಲಿ ಜೋರು ಮಳೆ ಹೊಡೆದರೆ ಸಾಕು, ಹೊಸೂರು ಪಕ್ಕದ ಕೆಲವರಪಲ್ಲಿ ಅಣೆಕಟ್ಟಿನಲ್ಲಿ ನೊರೆಯೋ ನೊರೆ. ಟಿವಿಯವರಿಗೆ ಹೊಸದಾಗಿ ಶೂಟಿಂಗ್ ಮಾಡುವ ಕಷ್ಟವೂ ಇಲ್ಲ, ಹೋದ ವರ್ಷದ ವಿಡಿಯೋ ಹಾಕಿದರೂ ಗೊತ್ತಾಗುವುದಿಲ್ಲ. ನಮ್ಮ ಬಚ್ಚಲು ನೀರು ಬೆಳ್ಳಂದೂರು, ವರ್ತೂರು ಕೆರೆ ದಾಟಿ, ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತದೆ. ಕಾವೇರಿ ಒಂದು ಟಿಎಂಸಿ ಬಿಡಬೇಕೆಂದರೆ ಬಂದ್ ಮಾಡುತ್ತೇವೆ. ಇದನ್ನು ಮಾತ್ರ ಯಾರೂ ಕೇಳದೆ, ಯಾರ ಆದೇಶವೂ ಇಲ್ಲದೆ, ನೊರೆ ಸಮೇತ ಬಿಡುತ್ತೇವೆ. ಕನ್ನಡಿಗರದು ದೊಡ್ಡ ಮನಸ್ಸು ಅನ್ನೋದು ಸುಮ್ನೆ ಅಲ್ಲ.

ನೊರೆ ಎಲ್ಲರಿಗೂ ಕಾಣುತ್ತದೆ. ಅದರ ಜತೆ ಟಿಕೆಟ್ ಇಲ್ಲದೆ ಹೋಗುವ ಇನ್ನೊಬ್ಬ ಪ್ರಯಾಣಿಕ ಕಾಣುವುದಿಲ್ಲ. ಅವನ ಹೆಸರು ರಂಜಕ, ಶಾಲೆಯಲ್ಲಿ ಫಾಸ್ಫರಸ್ ಅಂತ ಓದಿದ್ದೆವಲ್ಲ, ಅದೇ. ಪರೀಕ್ಷೆಗೆ ಒಂದು ಚಕ್ರದ ಚಿತ್ರ ಬರೆದು ಬಾಣ ಹಾಕುತ್ತಿದ್ದೆವು. ಬಂಡೆ ಸವೆದು ಮಣ್ಣಿಗೆ, ಮಣ್ಣಿಂದ ಪೈರಿಗೆ, ಪೈರಿಂದ ದನಕ್ಕೆ, ನಮಗೆ, ನಮ್ಮಿಂದ ತಿಪ್ಪೆಗೆ, ಮತ್ತೆ ಮಣ್ಣಿಗೆ. ಸಾರಜನಕದ ಹಾಗೆ ಇದು ಗಾಳಿಯಲ್ಲಿ ತುಂಬಿಕೊಂಡಿಲ್ಲ. ಕಳೆದುಕೊಂಡರೆ ಆಕಾಶದಿಂದ ಎಳೆದುಕೊಳ್ಳೋದಕ್ಕೆ ಆಗುವುದಿಲ್ಲ. ಒಮ್ಮೆ ಸಮುದ್ರದ ತಳ ಸೇರಿತೋ, ಆ ತಳ ಮೇಲೆದ್ದು ಬೆಟ್ಟವಾಗುವ ತನಕ, ಅಂದರೆ ಕೋಟಿಗಟ್ಟಲೆ ವರ್ಷ ಕಾಯಬೇಕು. ಅಷ್ಟು ಹೊತ್ತಿಗೆ ಹೊರವರ್ತುಲ ರಸ್ತೆಯ ಮೆಟ್ರೋ ಕೂಡ ಶುರುವಾಗಿರುತ್ತದೆ ಬಿಡಿ.

ಇದನ್ನು ಕಂಡುಹಿಡಿದವನ ಕತೆಯನ್ನು ನಮ್ಮ ಮೇಷ್ಟ್ರು ಹೇಳಲಿಲ್ಲ. ಹೇಳಿದ್ದರೆ ನಾನು ವಿಜ್ಞಾನಿಯಾಗುತ್ತಿದ್ದೆನೋ ಏನೋ. 1669ರಲ್ಲಿ ಹ್ಯಾಂಬರ್ಗ್‌ನ ಹೆನಿಗ್ ಬ್ರಾಂಡ್ ಎಂಬಾತನಿಗೆ ಮೂತ್ರದಲ್ಲಿ ಚಿನ್ನ ಇದೆ ಅಂತ ಅನುಮಾನ ಬಂತು. ಬಣ್ಣ ಹಳದಿ ಅಲ್ವಾ! ಬಕೆಟ್‌ಗಟ್ಟಲೆ ಕೂಡಿಟ್ಟ, ಕೊಳೆಸಿದ, ಕುದಿಸಿದ. ಹೆಂಡತಿಯ ದುಡ್ಡಿನಲ್ಲಿ. ಆ ಬೀದಿಯ ಜನ ಹೇಗೆ ಸಹಿಸಿಕೊಂಡರೋ. ಕೊನೆಗೆ ಚಿನ್ನ ಬರಲಿಲ್ಲ, ಕತ್ತಲಲ್ಲಿ ಮಿಣುಗುವ ಮೇಣದಂಥ ವಸ್ತು ಬಂತು. ಅದೇ ರಂಜಕ. ಹುಚ್ಚ ಅಂತ ನಗಬೇಡಿ. ಮೂತ್ರ ಬೆಲೆಬಾಳುವ ವಸ್ತು ಅಂತ ಆತನಿಗೆ ಮುನ್ನೂರೈವತ್ತು ವರ್ಷದ ಹಿಂದೆಯೇ ಗೊತ್ತಿತ್ತು. ನಮ್ಮ ನಗರ ಯೋಜನೆಯವರಿಗೆ ಇನ್ನೂ ಗೊತ್ತಾಗಿಲ್ಲ.

ಲೆಕ್ಕ ಮಾಡೋಣ. ಒಬ್ಬ ಮನುಷ್ಯ ದಿನಕ್ಕೆ ಹೊರಹಾಕುವ ರಂಜಕ ಹೆಚ್ಚುಕಡಿಮೆ 1 ಗ್ರಾಂ. ಬೆಂಗಳೂರಲ್ಲಿ 1 ಕೋಟಿ ಜನ ಅಂದುಕೊಳ್ಳಿ, ಅಲ್ಲಿಗೆ 10 ಟನ್. 50 ಕೆಜಿಯ ಒಂದು ಮೂಟೆ ಡಿಎಪಿ ಗೊಬ್ಬರದಲ್ಲಿ ಸುಮಾರು 10 ಕೆಜಿ ರಂಜಕ ಇರುತ್ತದೆ. ಅಂದರೆ ದಿನಾ ಬೆಳಿಗ್ಗೆ ಸಾವಿರ ಮೂಟೆ ಡಿಎಪಿಯಷ್ಟನ್ನು ನಾವು ಚೈನ್ ಎಳೆದು ಕಳಿಸುತ್ತೇವೆ. ಒಂದಷ್ಟು ಶುದ್ಧೀಕರಣ ಘಟಕದ ಕೆಸರಲ್ಲಿ ಸಿಕ್ಕಿಬೀಳುತ್ತದೆ. ಉಳಿದದ್ದು ಕೆರೆಗೆ ಬಂದು ಕಳೆಗಿಡ ಸಾಕುತ್ತದೆ. ಹೊಲದಲ್ಲಿ ರಾಗಿ ಬೆಳೆಸಬೇಕಾದ್ದು ಬೆಳ್ಳಂದೂರಲ್ಲಿ ಜಂಬುಕಳೆ ಬೆಳೆಸುತ್ತಿದೆ. ಏನು ಫಸಲು ಸ್ವಾಮಿ! ಗೊಬ್ಬರ ಬಿಟ್ಟಿ, ನೀರು ಬಿಟ್ಟಿ, ಕೊಯ್ಯೋದಕ್ಕೆ ಮಾತ್ರ ಟೆಂಡರ್.

ಆ ಸಾವಿರ ಮೂಟೆ ತುಂಬಿಕೊಳ್ಳೋದಕ್ಕೆ ಎಲ್ಲಿಗೆ ಹೋಗಬೇಕು? ಮೊರಾಕ್ಕೊಗೆ. ಜಗತ್ತಿನ ರಂಜಕದ ಕಲ್ಲಿನ ನಿಕ್ಷೇಪದಲ್ಲಿ ಸುಮಾರು ಶೇ 70ರಷ್ಟು ಇರುವುದು ಅಲ್ಲೇ. ನಮ್ಮಲ್ಲಿ ರಾಜಸ್ಥಾನದ ಝಾಮರಕೋಟ್ರಾದಲ್ಲಿ ಒಂದಿಷ್ಟಿದೆ, ಸಾಲುವುದಿಲ್ಲ. ಹಡಗಲ್ಲಿ ತರಿಸಿ, ಸಬ್ಸಿಡಿ ಕೊಟ್ಟು, 1350 ರೂಪಾಯಿಗೆ ಮೂಟೆ ಮಾರಿ, ಹೊಲಕ್ಕೆ ಹಾಕಿ, ಊಟ ಮಾಡಿ, ಬೆಳ್ಳಂದೂರಿಗೆ ಬಿಟ್ಟು, ಬಂಗಾಳ ಕೊಲ್ಲಿಗೆ ಸಾಗಿಸುತ್ತೇವೆ. ಮೊರಾಕ್ಕೊದ ಬಂಡೆಯನ್ನು ಕಡಲೂರಿನ ಸಮುದ್ರಕ್ಕೆ ಹಾಕುವ ಇಷ್ಟು ದುಬಾರಿ ಯೋಜನೆ ಬೇರೆ ಯಾವ ದೇಶದಲ್ಲಿದೆ?

ತಮಾಷೆಯಲ್ಲಿ ತಮಾಷೆ ಇನ್ನೊಂದಿದೆ. ಊರ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ ಗೊಬ್ಬರ ಮಾಡುವ ಒಂದು ವಿಧಾನವಿದೆ. ಕೃಷಿ ಪುಸ್ತಕಗಳಲ್ಲಿ ಅದರ ಹೆಸರು ‘ಬೆಂಗಳೂರು ಪದ್ಧತಿ’. 1939ರಲ್ಲಿ ಆಚಾರ್ಯ ಎಂಬ ವಿಜ್ಞಾನಿ ಇಲ್ಲೇ ರೂಪಿಸಿದ್ದು. ಹೊರದೇಶದ ಮಕ್ಕಳೂ ಅದನ್ನು ಓದುತ್ತಾರೆ. ಬೆಂಗಳೂರಿನವರು ಓದಿಲ್ಲ. ಇಲ್ಲಿಯ ಪದ್ಧತಿ ಬೇರೆ: ವರ್ತೂರಲ್ಲಿ ನೊರೆ ರಸ್ತೆಗೆ ಹಾರಿ ಬೈಕಿನವರ ಮುಖಕ್ಕೆ ಬಡಿದಾಗ ದಂಡೆಗೆ ಬಲೆ ಕಟ್ಟಿದರು. ಬೆಳ್ಳಂದೂರಿಗೆ ಬೆಂಕಿ ಬಿದ್ದಾಗ, 2018ರಲ್ಲಿ, ಆರಿಸೋದಕ್ಕೆ ಸೈನ್ಯ ಬಂತು. ಕೆರೆಗೆ ಬೆಂಕಿ, ಅದನ್ನು ಆರಿಸೋದಕ್ಕೆ ಸೈನ್ಯ. ಇದನ್ನು ಬರೆದು ಬರೆದು ನನಗೂ ಸಾಕಾಗಿದೆ. ದಂಡ ಹಾಕಿದರು, ಸಮಿತಿ ಮಾಡಿದರು, ಹೂಳೆತ್ತುತ್ತೇವೆ ಅಂದರು. ಒಳಚರಂಡಿ ಕೆರೆಗೆ ಬರುವುದನ್ನು ಪೂರ್ತಿ ನಿಲ್ಲಿಸಿ ಅಂತ ಎಷ್ಟು ವರ್ಷದಿಂದ ಹೇಳುತ್ತಿದ್ದೇವೆ? ಯಾರಿಗೂ ನಾಚಿಕೆಯಿಲ್ಲ.

ಮೊನ್ನೆ ಶ್ರೀನಿವಾಸಪುರದಿಂದ ಭಾವ ಫೋನ್ ಮಾಡಿದ್ದರು. ಸೊಸೈಟಿ ಮುಂದೆ ಆಧಾರ್ ಕಾರ್ಡ್ ಹಿಡಿದು ಬೆಳಿಗ್ಗೆಯಿಂದ ನಿಂತಿದ್ದರಂತೆ. ಕೊನೆಗೆ ಒಂದೇ ಮೂಟೆ ಕೊಟ್ಟರಂತೆ, ಅದರ ಜತೆ ಬೇಡದ ದ್ರವಗೊಬ್ಬರದ ಬಾಟಲಿಯೊಂದನ್ನೂ ತಗೋಬೇಕು ಅಂದರಂತೆ.

‘ಅಲ್ಲಿ ಬೆಂಗಳೂರಲ್ಲೇನಾದ್ರೂ ಡಿಎಪಿ ಸಿಗುತ್ತಾ ನೋಡಪ್ಪ’ ಅಂದರು.

‘ನೋಡ್ತೀನಿ ಭಾವ’ ಅಂದೆ. ಫೋನ್ ಇಟ್ಟು ಬಾತ್‌ರೂಮಿಗೆ ಹೋದೆ.