ಮಂಡಿ ನೋವು ಅಂತ ಆಸ್ಪತ್ರೆಗೆ ಬಂದ ಮಗುವಿನ ಮಂಡಿ ಎಕ್ಸ್‌ರೇ ನಾರ್ಮಲ್ ಬಂತು ಅಂದ್ರೆ ಮಗು ನಾಟಕ ಮಾಡ್ತಿದೆ ಅಂತಾನಾ?

ನಾಟಕವಂತೆ! ಐದು ವರ್ಷದ ಮಗು!

ಆ ಒಂದು ನಿಮಿಷ ಕಣ್ಣಿಂದ ಹೋಗ್ತಾನೇ ಇಲ್ಲ. ಮಗು ಕಾಲು ಸ್ವಲ್ಪ ಮಡಚಿ, ಹೊರಕ್ಕೆ ತಿರುಗಿಸಿಕೊಂಡು ಮಲಗಿತ್ತು. ತೊಡೆಸಂದಿನ ಕೀಲಲ್ಲಿ ನೀರು ತುಂಬಿದಾಗ ಒತ್ತಡ ಕಡಿಮೆ ಅನ್ನಿಸೋದು ಆ ಭಂಗಿಯಲ್ಲೇ. ಅದನ್ನ ಯಾರೂ ನೋಡಲಿಲ್ಲ. ಡಾಕ್ಟರು ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿ "ನಡಿ, ನಡಿ ನೋಡೋಣ" ಅಂದ್ರು. ಎರಡು ಹೆಜ್ಜೆ ಕುಂಟಿ ಅತ್ತುಬಿಡ್ತು. "ಸ್ಕೂಲ್ ತಪ್ಪಿಸ್ಕೊಳ್ಳೋಕೆ" ಅಂತ ಎಲ್ಲರೆದುರು ನಕ್ಕರು. ತಾಯಿ ತಲೆ ತಗ್ಗಿಸಿ ನಿಂತಿದ್ರು, ತಪ್ಪು ತಮ್ಮದೇ ಅನ್ನೋ ಹಾಗೆ.

ಹಿಂದಿನ ವಾರ ನೆಗಡಿ, ಗಂಟಲು ನೋವು ಬಂದಿತ್ತಾ ಅಂತ ಒಂದು ಮಾತು ಕೇಳೋಕೆ ಏನಾಗಿತ್ತು? ಮೂರರಿಂದ ಹತ್ತು ವರ್ಷದ ಮಕ್ಕಳಲ್ಲಿ ವೈರಲ್ ಸೋಂಕು ಕಳೆದು ಒಂದೆರಡು ವಾರಕ್ಕೆ ತೊಡೆಸಂದಿನ ಕೀಲು ಊದೋದು ಅಪರೂಪವೇನಲ್ಲ. ಟ್ರಾನ್ಸಿಯೆಂಟ್ ಸೈನೋವೈಟಿಸ್ ಅಂತಾರೆ ಇದಕ್ಕೆ, ತಾತ್ಕಾಲಿಕವಾದ ಕೀಲಿನ ಉರಿಯೂತ. ಆ ಕೀಲಿನ ನೋವು ಎರಡಕ್ಕೂ ಹೋಗೋ ಒಂದೇ ನರದ ದಾರಿಯಲ್ಲಿ ಮಂಡಿಗೆ ಇಳಿಯುತ್ತೆ. ಮಗು ಮಂಡಿ ತೋರಿಸುತ್ತೆ, ನೀವು ಮಂಡಿ ಎಕ್ಸ್‌ರೇ ತೆಗೀತೀರಿ! ಮಲಗಿಸಿ, ತೊಡೆಯನ್ನ ಲಟ್ಟಣಿಗೆ ಥರ ಮೆಲ್ಲಗೆ ಒಳಕ್ಕೆ ಹೊರಕ್ಕೆ ಉರುಳಿಸಿ, ನೋವು ತೊಡೆಸಂದಿನದ್ದಾ ಅಂತ ನೋಡೋಕೆ ಅರ್ಧ ನಿಮಿಷ ಸಾಕು. ನೀರಿದ್ರೆ ಅಲ್ಟ್ರಾಸೌಂಡಲ್ಲಿ ಕಾಣುತ್ತೆ.

ಹೋಗ್ಲಿ ಬಿಡಿ, ವಿಶ್ರಾಂತಿ ಕೊಟ್ಟು, ತೂಕ ನೋಡಿ ಐಬುಪ್ರೊಫೆನ್ ಕೊಟ್ರೆ ಒಂದೆರಡು ವಾರದಲ್ಲಿ ಬಹುತೇಕ ಮಕ್ಕಳು ಓಡಾಡ್ತಾರೆ. ಡೆಂಗಿ ಅನುಮಾನ ಇದ್ರೆ ಮಾತ್ರ ಐಬುಪ್ರೊಫೆನ್ ಬೇಡ. ಆಸ್ಪಿರಿನ್ ಅಂತೂ ಬೇಡವೇ ಬೇಡ.

ಇಲ್ಲ, ಹೇಗೆ ಬಿಡೋದು? ಕೀವು ತುಂಬಿದ ಕೀಲೂ ಹೀಗೇ ಶುರುವಾಗುತ್ತೆ, ಕೆಲವೇ ದಿನದಲ್ಲಿ ಮೃದ್ವಸ್ಥಿ ತಿಂದುಹಾಕುತ್ತೆ. ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದೆಯಾ, ಕಾಲು ಊರೋಕೇ ಆಗ್ತಿಲ್ವಾ, ಇಎಸ್‌ಆರ್ (ಉರಿಯೂತ ತೋರಿಸೋ ರಕ್ತ ಪರೀಕ್ಷೆ) 40 ಮೀರಿದೆಯಾ, ಬಿಳಿರಕ್ತಕಣ 12,000 ಮೀರಿದೆಯಾ? ಈ ನಾಲ್ಕರಲ್ಲಿ ಎಷ್ಟು ಸೇರಿದ್ರೆ ಅಷ್ಟು ಅಪಾಯ. ಇಲ್ಲಿ ರಕ್ತ ಪರೀಕ್ಷೆಯೇ ಇಲ್ಲ, "ಯಾವುದಕ್ಕೂ ಇರಲಿ" ಅಂತ ಆಂಟಿಬಯೋಟಿಕ್ ಸಿರಪ್! ವೈರಸ್ಸಿಗೆ ಅದು ಏನೂ ಮಾಡಲ್ಲ. ಕೀವಿದ್ರೆ ನೋವು ಜ್ವರ ಸ್ವಲ್ಪ ಇಳಿದು ರೋಗ ಮರೆಯಾಗುತ್ತೆ, ಆಮೇಲೆ ಕೀಲಿನ ನೀರು ತೆಗೆದು ಕಲ್ಚರ್‌ಗೆ, ಅಂದ್ರೆ ರೋಗಾಣು ಬೆಳೆಸಿ ನೋಡೋ ಪರೀಕ್ಷೆಗೆ, ಹಾಕಿದ್ರೂ ಏನೂ ಬೆಳೆಯದೇ ಇರಬಹುದು.

ಯಾರಾದ್ರೂ ಹೇಳಿ, ನಾಳೆ ಈ ಮಗು ಕಾಲು ಊರಲ್ಲ ಅಂದ್ರೆ ಮತ್ತೆ ಕಂಕುಳಿಗೆ ಕೈ ಹಾಕಿ ನಿಲ್ಲಿಸ್ತೀರಾ?