ಎಣ್ಣೆಗೆ ಪರವಾನಗಿ, ಬದನೆಗೆ ಕೈಕೋಳ

ಧಾರವಾಡದ ಯಾವುದಾದರೂ ಖಾನಾವಳಿಗೆ ಹೋಗಿ ಖಡಕ್ ರೊಟ್ಟಿ, ಎಣ್ಣೆಗಾಯಿ ಹೇಳಿ. ತಾಟು ಬಂತೆಂದು ಅವಸರ ಮಾಡಬೇಡಿ. ಮೊದಲು ಕಾಯ್ದೆ ಪ್ರಕಾರ ಪಾಲು ಮಾಡಿ: ಕಾಯಿ ಒಂದು ಕಡೆ, ಎಣ್ಣೆ ಒಂದು ಕಡೆ. ಬದನೆಕಾಯಿಯೊಳಗೆ, ಬಿಟಿ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ ತಂದ, ಹುಳ ಕೊಲ್ಲುವ ಕ್ರೈ1ಎಸಿ ಜೀನ್ ಸಿಕ್ಕರೆ ಅದನ್ನು ಬೆಳೆದವನು ಅಪರಾಧಿ. ಅದೇ ಜೀನ್ ಹೊತ್ತ ಬಿಟಿ ಹತ್ತಿಯ ಕಾಳು ಮಿಲ್ಲಿಗೆ ಹೋಗಿ ಎಣ್ಣೆಯಾಗಿ ಬಂದಿದ್ದರೆ, ಅದು ಅಡುಗೆ.

"ರಿಫೈನ್ ಮಾಡಿದ ಎಣ್ಣ್ಯಾಗ ಆ ಜೀನಿನ ಪ್ರೋಟೀನ್ ಉಳಿಯೂದಿಲ್ಲರೀ" ಎಂದು ಕೃಷಿ ಪದವಿ ಓದಿದ ನಮ್ಮ ಓಣಿಯ ಹುಡುಗ ತಕರಾರು ತೆಗೆದ. ಖರೆ. ಹಾಗಾದರೆ ಹತ್ತಿಕಾಳಿನ ಹಿಂಡಿ? ಅದನ್ನು ಎಮ್ಮೆ ತಿಂದು, ಹಾಲು ಖೋವಾ ಆಗಿ, ಖೋವಾ ಪೇಡೆ ಆಗಿ, ಪೇಡೆ ಬೆಂಗಳೂರಿನ ಸಾಹೇಬರ ಟೇಬಲ್ಲಿಗೂ ಹೋಗುತ್ತದಲ್ಲ? "ಎಮ್ಮಿ ಹೊಟ್ಟ್ಯಾಗ ಎಲ್ಲಾ ಜೀರ್ಣ ಆಗ್ತದ್ರಿ." ಅಂದರೆ ಎಮ್ಮೆಯ ಹೊಟ್ಟೆಯ ಮೇಲೆ ಸರಕಾರಕ್ಕೆ ಭರವಸೆ ಇದೆ, ನಮ್ಮ ಹೊಟ್ಟೆಯ ಮೇಲೆ ಇನ್ನೂ ಗುಮಾನಿ.

ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. ಹತ್ತಿ ಉಡುವುದು, ಉಣ್ಣುವುದಲ್ಲ ಎಂಬ ಸಮಾಧಾನ. 2009ರ ಅಕ್ಟೋಬರ್‌ನಲ್ಲಿ ಕೇಂದ್ರದ ತಜ್ಞರ ಸಮಿತಿ ಬಿಟಿ ಬದನೆಗೂ ಹೂಂ ಅಂದಿತು. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಆ ಕೆಲಸದಲ್ಲಿತ್ತು. ಮಾಲಾಪುರ, ಕುಡಚಿಯಂಥ ನಮ್ಮ ನಾಟಿ ತಳಿಗಳಿಗೇ ಜೀನ್ ಸೇರಿಸಿದ್ದರು. ಅಷ್ಟರಲ್ಲಿ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಭೆ ನಡೆಸಿ, ಗದ್ದಲ ಕೇಳಿಸಿಕೊಂಡು, 2010ರ ಫೆಬ್ರುವರಿ 9ರಂದು ತಡೆ ಹಾಕಿದರು. ಇನ್ನಷ್ಟು ಅಧ್ಯಯನ ಆಗುವ ತನಕ ಅಂತ. ಆ ವರ್ಷ ಹುಟ್ಟಿದ ಕೂಸು ಎಸ್ಸೆಸ್ಸೆಲ್ಸಿಗೆ ಬಂತು. ಅಧ್ಯಯನ ಮಾತ್ರ ಇನ್ನೂ ಬಾಲವಾಡಿಯಲ್ಲಿದೆ. ಬಾಂಗ್ಲಾದೇಶದ ರೈತರು 2014ರಿಂದ ಬೆಳೆಯುತ್ತಿದ್ದಾರೆ. 2019ರಲ್ಲಿ ಹರಿಯಾಣದ ಹೊಲವೊಂದರಲ್ಲೂ ಬಿಟಿ ಬದನೆ ಸಿಕ್ಕಿಬಿತ್ತು. ಅದು ಯಾರ ಅಪ್ಪಣೆಗೂ ಕಾದಿರಲಿಲ್ಲ.

ಬೇಡ ಎನ್ನುವವರ ಕಾರಣಗಳೇನೂ ಹಗುರಲ್ಲ. ಬದನೆಯ ನೂರಾರು ತಳಿಗಳು ಈ ನೆಲದವು, ಪರಾಗ ಹಾರಿ ಬೆರೆತರೆ ಬೇರ್ಪಡಿಸಲು ಬಾರದು. ಹತ್ತಿಯಲ್ಲಂತೂ ಗುಲಾಬಿ ಕಾಯಿಕೊರಕ ಹುಳ ತನ್ನನ್ನು ತಡೆಯಲು ಸೇರಿಸಿದ ಎರಡು ಜೀನ್‌ಗಳನ್ನೂ ಅರಗಿಸಿಕೊಂಡು ಕೂತಿದೆ. ಬೇಡವೆಂದರೆ ಬೇಡ ಅನ್ನಲಿ, ಬೇಕೆಂದರೆ ಬೇಕು ಅನ್ನಲಿ. ಫೈಲಿನ ಮೇಲೆ ಕೂತು ಆಕಳಿಸುವುದಕ್ಕೆ ವಿಜ್ಞಾನ ಅನ್ನಬಾರದು.

ಈ ನಡುವೆ ಸಂತೆಯಲ್ಲಿ ನಾವೇನು ಮಾಡುತ್ತೇವೆ? ಒಂದೊಂದೇ ಬದನೆಕಾಯಿ ಎತ್ತಿ, ತೊಟ್ಟಿನ ಸುತ್ತ ತಿರುವಿ, ಸೂಜಿಮೊನೆಯಷ್ಟು ತೂತು ಕಂಡರೂ ವಾಪಸು ಬುಟ್ಟಿಗೆ ಒಗೆಯುತ್ತೇವೆ. "ತೂತಿದ್ದದ್ದು ನೀವು ಒಯ್ಯೂದಿಲ್ಲ ಅಕ್ಕಾರ, ಅದಕ್ಕ ವಾರಕ್ಕ ಎರಡ ಸಲ ಎಣ್ಣಿ ಹೊಡಿತೀವಿ" ಅಂದಳು ಮಾರುವ ಅಜ್ಜಿ. ಆ ಕೀಟನಾಶಕದ ಸಿಂಪಡಣೆಗೆ ಏಳು ನಗರಗಳ ಸಭೆ ಬೇಕಿಲ್ಲ. ಒಂದು ಪಂಪು ಸಾಕು.

ಸೋಯಾದ ಕಥೆ ಇನ್ನೂ ಚಂದ. ಕುಲಾಂತರಿ, ಅಂದರೆ ಹೊರಗಿನ ಜೀನ್ ಸೇರಿಸಿದ, ಸೋಯಾ ಬೆಳೆಯಲು ಧಾರವಾಡದ ರೈತನಿಗೆ ಪರವಾನಗಿ ಇಲ್ಲ. ಅರ್ಜೆಂಟೀನಾದ ಕುಲಾಂತರಿ ಸೋಯಾದ ಎಣ್ಣೆಗೆ ಬಂದರಿನಲ್ಲಿ ಸ್ವಾಗತ. 2021ರ ಆಗಸ್ಟ್‌ನಲ್ಲಿ ಕೋಳಿ ಮೇವಿಗೆಂದು 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಿಸಲೂ ಕೇಂದ್ರ ಹೂಂ ಅಂದಿತು. ಹಿಂಡಿಯಲ್ಲಿ ಜೀವವಿಲ್ಲ, ಆದ್ದರಿಂದ ಅಭ್ಯಂತರವಿಲ್ಲ ಎಂದಿತು ಪರಿಸರ ಸಚಿವಾಲಯ. ಬೆಳೆದವನು ಅಪರಾಧಿ, ಹಿಂಡಿ ತರಿಸಿದವನು ವ್ಯಾಪಾರಿ.

2025ರ ಮೇ ತಿಂಗಳಲ್ಲಿ ಜೀನ್ ತಿದ್ದಿದ ಎರಡು ಭತ್ತ ಬಂದವು. ಹೊರಗಿನ ಜೀನ್ ಸೇರಿಸಿಲ್ಲ, ಒಳಗಿನದನ್ನೇ ತಿದ್ದಿದ್ದು. ಅಂಥವಕ್ಕೆ 2022ರಲ್ಲೇ ವಿನಾಯಿತಿ ಸಿಕ್ಕಿತ್ತು. ಅದರಲ್ಲೊಂದು ಸವಳು ನೆಲದಲ್ಲೂ ಹೆಚ್ಚು ಇಳುವರಿ ಕೊಡುತ್ತದಂತೆ. ನವಲಗುಂದದ ಕಡೆ ಕಾಲುವೆ ನೀರು ನಿಂತು ಸವಳಾದ ಹೊಲಗಳಿಗೆ ಮತ್ತೆ ನೀರು ನಿಲ್ಲಿಸಿ ಬೆಳೆಯುವ ಮದ್ದು!

ಇನ್ನು ಕಳೆನಾಶಕ ತಡೆದುಕೊಳ್ಳುವ ಹತ್ತಿ. ಅದಕ್ಕೆ ಈ ದೇಶದಲ್ಲಿ ಅನುಮತಿಯೇ ಇಲ್ಲ. ನಮ್ಮ ಕಾಕಾ ಹಾವೇರಿ ಕಡೆಯ ಅಂಗಡಿಯಲ್ಲಿ ಕೇಳಿದರೆ ಸಾವ್ಕಾರ್ರು ಮೊದಲು ಹೊರಗೆ ನೋಡುತ್ತಾರೆ, ಆಮೇಲೆ ಗಲ್ಲೆಯ ಕೆಳಗೆ ಕೈ ಹಾಕುತ್ತಾರೆ. "ಎಣ್ಣಿ ಹೊಡದ್ರ ಕಸ ಅಷ್ಟ ಸಾಯ್ತದ ಕಾಕಾ, ಹತ್ತಿ ನಗತಿರ್ತದ." ಬಿಲ್ಲು ಕೇಳಿದರೆ, "ಇಲ್ಲದ ಬೀಜಕ್ಕ ಬಿಲ್ಲು ಎಲ್ಲಿಂದ ತರ್ಲಿ?"

ಕಾಕಾ ಬಿತ್ತಿದರು. ಬೀಜ ಹುಟ್ಟಲಿಲ್ಲ. ಖಾಲಿ ಪಾಕೀಟು ಹಿಡಿದು ಕೃಷಿ ಕಚೇರಿಗೆ ಹೋದರು. ಸಾಹೇಬರು ಪಾಕೀಟನ್ನು ಎರಡೂ ಕಡೆ ತಿರುವಿ ನೋಡಿ, ಕನ್ನಡಕ ತೆಗೆದಿಟ್ಟರು.

"ಇಂಥ ಬೀಜ ದೇಶದಾಗ ಇಲ್ಲ ಕಾಕಾ. ಇಲ್ಲದ ಬೀಜ ಹುಟ್ಟಲಿಲ್ಲಂದ್ರ, ಕಾಯ್ದೆ ಪ್ರಕಾರನ ಆಗೇದ."